ಬಾಯಿ ಮುಕ್ಕಳಿಸದವಳ ಸ್ಲೈಡು

ಅರವತ್ತೊಂದು ಮಕ್ಕಳಿಗೆ ಒಂದೇ ಸೂಕ್ಷ್ಮದರ್ಶಕ.
ಅದಕ್ಕೆ ಬಲ್ಬಿಲ್ಲ, ಕೆಳಗೊಂದು ದುಂಡು ಕನ್ನಡಿ.
ಕರೆಂಟು ಹೋದರೂ ನಡೆಯುತ್ತದೆ,
ಮೋಡ ಬಂದರೆ ನಿಲ್ಲುತ್ತದೆ.

ಕಿಟಕಿಯಾಚೆ ಮಂಡಕ್ಕಿ ಭಟ್ಟಿಗಳ ಸಾಲು.
ದಾವಣಗೆರೆಯ ಈ ಮಗ್ಗುಲಲ್ಲಿ ಬಿಸಿಲೂ ಹೊಗೆಯಲ್ಲಿ ಸೋಸಿ ಬರಬೇಕು.
ಹನ್ನೊಂದರ ಹೊತ್ತಿಗೆ ಕೊಂಚ ತೆಳುವಾಗುತ್ತದೆಂದು
ಅಟೆಂಡರ್ ಬಕ್ಕೇಶಪ್ಪನವರ ಲೆಕ್ಕ.
ಬೆಂಚನ್ನು ಕಿಟಕಿಗೆ ಎಳೆದು, ಒಂದು ಕಣ್ಣು ಮುಚ್ಚಿ,
ಸೈಕಲ್ಲಿನ ಕನ್ನಡಿಯಲ್ಲಿ ಗಡ್ಡ ಹೆರೆದುಕೊಳ್ಳುವವರ ಹಾಗೆ
ಅತ್ತ ಇತ್ತ ತಿರುಗಿಸಿ
"ಸಿಕ್ತು ಮೇಡಂ" ಎನ್ನುತ್ತಾರೆ,
ಹಿಂಡು ತಪ್ಪಿದ ಮರಿಯ ಕಿವಿ ಹಿಡಿದಂತೆ.

ಈರುಳ್ಳಿ ನನ್ನ ಅಡುಗೆಮನೆಯದು, ಚಳ್ಳಕೆರೆಯ ಕೆಂಪು ಗಡ್ಡೆ.
ಒಳಪೊರೆಯನ್ನು ಚಿಮಟದಲ್ಲಿ ಎತ್ತುವುದಕ್ಕೆ
ಹಾಲಿನ ಕೆನೆ ಎತ್ತುವವರ ಉಸಿರು ಬೇಕು.
ಒಂದು ಹನಿ ನೀರು, ಒಂದು ಹನಿ ಅಯೋಡಿನ್,
ಮೇಲೆ ಕವರ್ ಸ್ಲಿಪ್ಪು ಓರೆಯಾಗಿ, ಮೆಲ್ಲಗೆ,
ಈಗಷ್ಟೇ ಮಲಗಿದ ಕೂಸಿಗೆ ಹೊದಿಸಿದ ಹಾಗೆ.

ಆದರೂ ಗುಳ್ಳೆ ಬಂದೇ ಬರುತ್ತದೆ.
ಹಾಲೇಶ ಗುಳ್ಳೆಯನ್ನೇ ಬರೆದ:
ದಪ್ಪ ಕಪ್ಪು ಅಂಚು, ನಡುವೆ ಬೆಳಕು.
ಕೆಳಗೆ ಹೆಸರು, 'ಜೀವಕೋಶ'.
ಅದು ಗಾಳಿ ಕಣೋ ಎಂದೆ.
"ಎಲ್ಲಕ್ಕಿಂತ ಅದೇ ಚೆನ್ನಾಗಿ ಕಾಣ್ತಿತ್ತು ಮೇಡಂ."
ಎಷ್ಟೋ ವರ್ಷ ನಾನೂ ಗಾಳಿಗೆ ಹೆಸರು ಬರೆದಿದ್ದೇನೆ.
ಅವನಿಗೆ ಹೇಳಲಿಲ್ಲ.

ನಾಗವೇಣಿ ತನ್ನ ರೆಪ್ಪೆಗೂದಲನ್ನೇ ಕಂಡು
ಹುಳ ಹುಳ ಎಂದು ಕಿರುಚಿದಳು.
ಎಡಕ್ಕೆ ದೂಡಿದರೆ ಬಲಕ್ಕೆ ಓಡುತ್ತದೆ, ಮೇಲೆಂದರೆ ಕೆಳಕ್ಕೆ.
"ನಮ್ ತಮ್ಮನ ಥರ" ಎಂದರು ಯಾರೋ.
ಪುಸ್ತಕದಲ್ಲಿ 'ಇಟ್ಟಿಗೆ ಜೋಡಿಸಿದಂತೆ' ಎಂದಿದೆ.
ನನಗೆ ಕಂಡದ್ದು ಮುಚ್ಚಿದ ನೂಲಿನ ಮಿಲ್ಲಿನ ಕ್ವಾರ್ಟರ್ಸು:
ಉದ್ದುದ್ದ ಮನೆ, ಇಬ್ಬರಿಗೂ ಒಂದೇ ನಡುಗೋಡೆ,
ಮೂಲೆಯಲ್ಲಿ ಮನೆಗೊಂದು ದೀಪ.
ಅಪ್ಪ ರಾತ್ರಿಪಾಳಿಯಿಂದ ಬರುವ ತನಕ
ಉರಿಯುತ್ತಿದ್ದದ್ದು.

ಇನ್ನು ಪ್ರಾಣಿಕೋಶ.
ಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಗೆ ಮೆತ್ತಗೆ ಕೆರೆಯಿರಿ,
ಅದಕ್ಕೂ ಮುಂಚೆ ಬಾಯಿ ಮುಕ್ಕಳಿಸಿ.
ಎರಡು ಸಲ ಹೇಳಿದೆ.
ಮೆಥಿಲೀನ್ ನೀಲಿ ತೀರಿ ಎರಡು ವರ್ಷ,
ಇದಕ್ಕೂ ಅಯೋಡಿನ್ನೇ ಗತಿ.

ತಸ್ಮಿಯಾಳ ಸ್ಲೈಡಿನಲ್ಲಿ ಗೋಡೆಗಳಿಲ್ಲ.
ಒಗೆದು ಹರವಿದ ಕರವಸ್ತ್ರಗಳು,
ಒಂದರ ಮೇಲೊಂದು, ಮೂಲೆ ಮಡಚಿಕೊಂಡು,
ನಡುವೆ ಚಹಾದ ಕಲೆಯಂಥ ಕೋಶಕೇಂದ್ರ.
ಅವುಗಳ ಮಧ್ಯೆ
ಕಾಡಿಗೆಯಷ್ಟು ಗಾಢ ನೀಲಿಯ ಒಂದು ಚೂರು.

ಮುಕ್ಕಳಿಸಲಿಲ್ಲ ನೀನು, ಎಂದೆ.
ತೊಳೆಯಲು ಸ್ಲೈಡಿಗೆ ಕೈ ಹಾಕಿದೆ.

"ಮಂಡಕ್ಕಿ ಮೇಡಂ ಅದು.
ಹೋದ ವಾರ ಅನ್ನಕ್ಕೆ ಅಯೋಡಿನ್ ಹಾಕಿದಾಗ
ಹಿಂಗೇ ನೀಲಿ ಆಗಿತ್ತಲ್ಲ?
ಅಬ್ಬಾ ಬೆಳಗಿನ ಜಾವ ಮೂರಕ್ಕೇ ಒಲೆ ಹಚ್ತಾರೆ,
ಮೊದಲನೇ ಘಾಣಕ್ಕೆ ಉಪ್ಪು ಸರಿ ಆಗಿದೆಯಾ
ಅಂತ ನೋಡೋದು ನಾನೇ."

ಕೈ ಹಿಂದಕ್ಕೆ ತೆಗೆದೆ.
ಪಿಷ್ಟ, ಎಂದು ಹಲಗೆಯ ಮೇಲೆ ಬರೆಯಲು ಎದ್ದವಳು
ಬರೆಯದೆ ಕೂತೆ.
ಅಷ್ಟರಲ್ಲಿ ಸಾಲು ಅವಳ ಕಡೆಗೆ ತಿರುಗಿತ್ತು.
ಹಾಲೇಶ ತನ್ನ ಸರದಿ ಮುಗಿದರೂ ಮತ್ತೆ ನಿಂತ.
ಬಕ್ಕೇಶಪ್ಪನವರು ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ಕಣ್ಣಿಟ್ಟು, ಕೊನೆಗೆ,
"ಉಪ್ಪು ಕಾಣೋದಿಲ್ಲವಾ ಇದರಲ್ಲಿ?" ಎಂದರು.

ಸಂಜೆ ಅವಳ ರೆಕಾರ್ಡು ಪುಸ್ತಕ ತೆರೆದರೆ
ಕೋಶಪೊರೆಗೊಂದು ಗೆರೆ, ಕೋಶಕೇಂದ್ರಕ್ಕೊಂದು ಗೆರೆ,
ಮೂರನೆಯದು ಕಪ್ಪು ಚುಕ್ಕೆಯಿಂದ ಹೊರಟು
ಅಂಚಿನಲ್ಲಿ: 'ನಮ್ಮ ಮನೆ ಮಂಡಕ್ಕಿ'.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಆದರೆ ಅದು ಸಂಜೆ.
ಆಗಿನ್ನೂ ಹನ್ನೊಂದೂ ಮುಕ್ಕಾಲು,
ಆಚೆ ಯಾರೋ ಒಲೆಗೆ ಹೊಟ್ಟು ಸುರಿದರು,
ಕನ್ನಡಿ ಮಂಕಾಯಿತು.
"ಮೇಡಂ, ಏನೂ ಇಲ್ಲ ಇದರಲ್ಲಿ"
ಎಂದ ಮುಂದಿನ ಹುಡುಗ.

ಇದೆ. ಕಣ್ಣು ತೆಗೀಬೇಡ.
ಹೊಗೆ ಸರಿಯಲಿ.