ಡ್ರಿಲ್ ಹಚ್ಚುವ ಮುಂಚೆ

ಗೆಣ್ಣಿನಿಂದ ಗೋಡೆ ತಟ್ಟುತ್ತಾಳೆ ನೈರಿ,
ತೆಂಗಿನಕಾಯಿ ಆರಿಸುವವರಂತೆ ಕಿವಿಗೊಟ್ಟು.
ಟೊಳ್ಳು. ಟೊಳ್ಳು. ಗೇಣಾಚೆ ಗಟ್ಟಿ:
ಹಲಗೆಯ ಹಿಂದೆ ಮರದ ಕಂಬ.
ಪೆನ್ಸಿಲಿನ ಒಂದು ಗೀಟು.

ವೆಲಿಂಗ್ಟನ್ನಿನ ಗುಡ್ಡದ ಮನೆ. ನೆಲ ಆಗಾಗ
ಹೇಳದೆ ಕೇಳದೆ ಮೈಮುರಿಯುತ್ತದೆ.
ಸೈಕಲ್ಲು ಹದಿನಾಲ್ಕು ಕೆಜಿ; ಕೊಕ್ಕೆ
ಮೂವತ್ತು ತಾಳುತ್ತದಂತೆ, ಡಬ್ಬಿಯ ಮಾತು.
ಡಬ್ಬಿ ಎಂದಾದರೂ ನಡುಗಿದೆಯೇ?

"ಸೂರಿಗೇ ತೂಗುಹಾಕು, ಕಾರಿಗೆ ಜಾಗ ಉಳಿಯುತ್ತೆ," ಫರ್ಗಸ್.
ಅವಳು ಮಗನನ್ನು ಕರೆದು ಗೋಡೆಗೆ ನಿಲ್ಲಿಸಿ
ನೆತ್ತಿಗೊಂದು ಗೀಟೆಳೆದಳು.
ಬೂಟು ಹುಡುಕುತ್ತ ಇವನು ಕೂರುವುದು ಇಲ್ಲೇ.

ಬೇಡ. ಚಕ್ರ ನೆಲದಲ್ಲೇ ಇರಲಿ,
ಕೊಕ್ಕೆ ಬರೀ ಹಿಡಿದುಕೊಂಡಿರಲಿ,
ಕಲಿಯುವವನ ಸೀಟು ಹಿಡಿದು ಹಿಂದೆ ಓಡಿದ ಹಾಗೆ.

ಕಾರು? ಗಾಳಿಗೆ ಹೊರಗೇ ನಿಲ್ಲಲಿ.