ಐಸಿನ ಲೆಕ್ಕ

ಬೈತಖೋಲದ ಧಕ್ಕೆಯಲ್ಲಿ ಬೋಟುಗಳೆಲ್ಲ
ಮೈಗೆ ಮೈ ತಾಗಿಸಿ ನಿಂತಿವೆ.
ದೂರ ದೂರ ನಿಲ್ಲಿ ಎಂದು ಜೀಪಿನವರು ಕೂಗಿದ್ದು
ಅವಕ್ಕೆ ಕೇಳಿಸಿಲ್ಲ.

ನಾನು ಐಸ್ ಪ್ಲಾಂಟಿನವನು. ಇಪ್ಪತ್ತೆರಡು ವರ್ಷ
ಕಂಪ್ರೆಸರಿನ ಗುಡುಗಿನಲ್ಲೇ ನಿದ್ದೆ ಮಾಡಿದವನು.
ಅದು ನಿಂತ ರಾತ್ರಿ ಎಚ್ಚರಾಯಿತು.
ಇಷ್ಟು ಹತ್ತಿರವಿತ್ತೆ ಸಮುದ್ರ?
ಗೋಡೆಯಾಚೆ ಯಾರೋ ಬಟ್ಟೆ ಒಗೆದ ಹಾಗೆ
ಎತ್ತಿ ಹಾಕುತ್ತಿತ್ತು, ಎತ್ತಿ ಹಾಕುತ್ತಿತ್ತು.

ನನ್ನ ಬಳಿ ಪಾಸಿದೆ. ‘ಅತ್ಯಗತ್ಯ ಸೇವೆ’ ಎಂದು ಬರೆದು
ನೀಲಿ ಮೊಹರು ಒತ್ತಿದ್ದಾರೆ.
ಹೆಂಡತಿ ತಿರುವಿ ತಿರುವಿ ನೋಡಿ ಅಂದಳು:
‘ನೀವು ಅತ್ಯಗತ್ಯ ಅಂತ ಸರ್ಕಾರಕ್ಕೆ ಯಾರು ಹೇಳಿದ್ದು?’
ಮಾಸ್ಕಿನೊಳಗೆ ನಕ್ಕೆನೋ ಇಲ್ಲವೋ.

ಕೆಲಸ ಇಷ್ಟೇ: ದಿನಕ್ಕೊಂದು ತಾಸು ಮಿಷನ್ನು ಓಡಿಸುವುದು,
ಇಲ್ಲವಾದರೆ ಉಪ್ಪುಗಾಳಿ ಕೂತು ಹಿಡಿದುಬಿಡುತ್ತದೆ.
ಅಮೋನಿಯ ಮೂಗಿಗೆ ಬಡಿದರೆ ಸಮಾಧಾನ.
ವಾಸನೆ ಗೊತ್ತಾಗುತ್ತಿದೆ,
ಅಂದರೆ ನನಗಿನ್ನೂ ಬಂದಿಲ್ಲ.

ಲೆಕ್ಕದ ಪುಸ್ತಕದಲ್ಲಿ, ಬೋಟಿನ ಹೆಸರು ಬರೆಯುವ ಜಾಗದಲ್ಲಿ
ಈಗ ಬೇರೆ ಹೆಸರು.
ಒಂದು ಬ್ಲಾಕು: ಔಷಧಿ ಅಂಗಡಿ,
ಫ್ರಿಜ್ಜು ಕೆಟ್ಟ ರಾತ್ರಿ, ಇನ್ಸುಲಿನ್ನಿಗೆ.
ಅರ್ಧ: ಶೇವಂತಿ ಬಾಯಿ, ಪಾತಿಯವರು ಕದ್ದು ತಂದ
ನಾಲ್ಕು ಬುಟ್ಟಿ ತಾರ್ಲೆಗೆ. ದುಡ್ಡು ಆಮೇಲೆ.
ಮೂರು ಬ್ಲಾಕು: ಕೋಡಿಬಾಗದ ರೋಹಿದಾಸ ಗುನಗಿ.
ಅಣ್ಣ ಮಾಜಾಳಿಯ ಗೇಟಿನಾಚೆ ಎರಡು ದಿನ ನಿಂತಿದ್ದ,
ತಮ್ಮ ಈಚೆ ಐಸಿನ ಮೇಲೆ ಮಲಗಿ ಕಾದ.
ಮೊತ್ತದ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದೆ.
ನೆಟ್ಟಗೆ ಬರಲಿಲ್ಲ.

‘ಸಾಗರಜ್ಯೋತಿ’ಯಲ್ಲಿ ಝಾರ್ಖಂಡದ ಒಂಬತ್ತು ಹುಡುಗರು.
ಇಳಿಯುವಂತಿಲ್ಲ, ಹೊರಡುವಂತಿಲ್ಲ.
ಬಂದ ಹೊಸತರಲ್ಲಿ ತೆರೆ ಕಂಡರೆ ವಾಂತಿ ಮಾಡುತ್ತಿದ್ದ ಬುಧುವಾ
ಥರ್ಮಾಕೋಲಿನ ಮೀನುಪೆಟ್ಟಿಗೆಗೆ ಮಣ್ಣು ತುಂಬಿ
ಡೆಕ್ಕಿನ ಮೇಲೆ ಕೊತ್ತಂಬರಿ ಬೆಳೆದಿದ್ದಾನೆ.
ಕರಗಿದ ಐಸಿನ ನೀರು ಕ್ಯಾನಿನಲ್ಲಿ ಕೊಟ್ಟುಬರುತ್ತೇನೆ.
ಬೋಟು ಕಟ್ಟಿದಲ್ಲೇ ತೊನೆಯುತ್ತದೆ,
ತೊನೆಯುವುದೇ ನೆಲವೆಂದುಕೊಂಡು
ಅದು ಚಿಗುರಿದೆ.

ಇವತ್ತು ಸಂಜೆ ತಾಂಡೇಲರು ಬಾಗಿಲಲ್ಲೇ ನಿಂತು ಹೇಳಿದರು:
‘ಸೋಮವಾರದಿಂದ ಬಿಡಬಹುದಂತೆ.’

ಬಹುದಂತೆ.
ಈ ಎರಡು ತಿಂಗಳಲ್ಲಿ ಎಲ್ಲ ಮಾತಿಗೂ ಈ ಬಾಲ ಬೆಳೆದಿದೆ.
ಬಸ್ಸು ಬರಬಹುದಂತೆ. ಕಾಳಿ ಸೇತುವೆ ದಾಟಬಹುದಂತೆ.
ಮದುವೆಗೆ ಐವತ್ತು ಜನ ಸೇರಬಹುದಂತೆ.

ಕ್ಯಾಲೆಂಡರು ನೋಡಿದೆ. ಸೋಮವಾರವೆಂದರೆ ಹದಿನೆಂಟು.
ಜೂನ್ ಒಂದಕ್ಕೆ ಹೇಗೂ ಮಳೆಗಾಲದ ಬಂದು,
ಅದು ಪ್ರತಿ ವರ್ಷದ್ದು, ಯಾವ ರೋಗವೂ ಬೇಕಾಗಿಲ್ಲ ಅದಕ್ಕೆ.
ನಡುವೆ ಉಳಿಯುವುದು ಹದಿನಾಲ್ಕು ದಿನ:
ಸರಿಯಾಗಿ ಒಂದು ಕ್ವಾರಂಟೈನು.

ತಾಂಡೇಲರೂ ಎಣಿಸಿರಬೇಕು.
‘ಡೀಸೆಲ್ಲಿನ ದುಡ್ಡೂ ಹುಟ್ಟುವುದಿಲ್ಲ’ ಅಂದರು.
ನಾಲ್ಕು ಹೆಜ್ಜೆ ಹೋಗಿ, ತಿರುಗಿ,
‘ಆದರೂ ನೂರು ಬ್ಲಾಕು ಕಟ್ಟಿಡು.’

ಕ್ಯಾನುಗಳಿಗೆಲ್ಲ ನೀರು ತುಂಬಿ ಉಪ್ಪುನೀರಿಗಿಳಿಸಿದೆ.
ಐಸು ಅಂಚಿನಿಂದ ಕಟ್ಟುತ್ತ ಬರುತ್ತದೆ,
ನಡುವಿನ ನೀರು ಕೊನೆಯವರೆಗೂ ಒಪ್ಪುವುದಿಲ್ಲ.
ಮಿಷನ್ನು ಹಚ್ಚಿದೊಡನೆ
ಗೋಡೆಯಾಚೆಯ ಒಗೆತ ನಿಂತುಹೋಯಿತು.

ನಡುರಾತ್ರಿ, ಯಾಕೆಂದು ಗೊತ್ತಿಲ್ಲ,
ಸ್ವಿಚ್ಚು ಆರಿಸಿ ಒಂದು ನಿಮಿಷ ಕಿವಿಗೊಟ್ಟೆ.
ಇದೆ.

ಕತ್ತಲೆಯಲ್ಲಿ ಬುಧುವಾ ಕೂಗಿದ, ಕಲಿತಷ್ಟು ಕನ್ನಡದಲ್ಲಿ:
‘ಚಾಚಾ, ಕರೆಂಟು ಹೋಯ್ತು?’
ಇಲ್ಲ ಮಾರಾಯ, ಅಂದೆ.
ಮತ್ತೆ ಹಚ್ಚಿದೆ.