ಚೀಟಿ ಮ್ಯಾಲಿನ ಲೆಕ್ಕ

ಲಾಡ್ಲೇಸಾಬ ಮೊದಲು ಕಾರ್ಡ್ ನೋಡಲೇ ಇಲ್ಲ.
ಹೈದರಾಬಾದಿಂದ ಪ್ಯಾಸೆಂಜರ್ ಗಾಡಿಯೊಳಗ
ತೊಡಿ ಮ್ಯಾಲ ಇಟಗೊಂಡು ತಂದಿದ್ದೆ,
ಎರಡು ಫ್ಯಾನಿನ ಕರೀ ಕಾರ್ಡು, ಸೆಕೆಂಡ್ ಹ್ಯಾಂಡು,
ಹಳೇ ಓಢಣಿಯಾಗ ಸುತ್ತಿ.
ಅದನ್ನ ಬಾಜೂಕ ಸರಿಸಿ ಸ್ಕ್ರೂಡ್ರೈವರ್ ತಗೊಂಡ.
"ಡಬ್ಬಿ ಬಿಚ್ಚೋಣು ತಾರಾಬಾಯಿ.
ಉಣ್ಣೋರ ಲೆಕ್ಕ ಆಮ್ಯಾಲ. ಬಡಿಸೋರ ಹತ್ರ ಎಷ್ಟದ ನೋಡೋಣು."

ವಾಡಿಯ ಧೂಳಿಗೆ ವಾಡಿಯದೇ ಗುಣ.
ಹನ್ನೊಂದು ವರ್ಷದ ಸಿಮೆಂಟು
ಫ್ಯಾನಿನ ರೆಕ್ಕಿಗೆ ಗಿಲಾವ್ ಮಾಡಿತ್ತು.
ಬ್ರಶ್ಶಿಂದ ಉದುರಿಸಿದರ ಶಾಬಾದಿ ಕಲ್ಲಿನ ಮ್ಯಾಲ
ಒಂದು ಹಿಡಿ ಬೂದಿ ಬಣ್ಣ.
"ಇದರಾಗ ಒಂದು ಇಟ್ಟಂಗಿ ಕೂಡಸಬಹುದು" ಅಂದೆ.
ಅವ ನಗಲಿಲ್ಲ. ಟಾರ್ಚ್ ಹಿಡದು ಓದಲತ್ತಿದ್ದ.

ಪವರ್ ಸಪ್ಲೈ ಬೆನ್ನಿಗೆ ಹಳದಿ ಚೀಟಿ,
ದೊಡ್ಡ ಅಕ್ಷರದಾಗ ನಾನೂರಾ ಐವತ್ತು.
ಅದರ ಕೆಳಗ ಇರುವಿ ಸಾಲಿನಂಗ ಸಣ್ಣ ಅಂಕಿ.
ದಿನಾ ಮಂದಿಯ ಆಧಾರ್, ಪಹಣಿ, ಜಾತಿ ಪತ್ರ
ಒಂದಕ್ಷರ ತಪ್ಪದಂಗ ಟೈಪ್ ಮಾಡಾಕಿ ನಾ,
ನನ್ನದೇ ಡಬ್ಬಿಯ ಚೀಟಿ ಓದಿರಲಿಲ್ಲ.

ಬಿಚ್ಚಿ ನನ್ನ ಕೈಯಾಗ ಇಟ್ಟ. "ತೂಕ ನೋಡು."
ಚುರುಮುರಿ ಚೀಲದಷ್ಟು ಹಗುರ.
"ತಾಮ್ರ ಇದ್ದದ್ದಕ್ಕ ಭಾರ ಇರ್ತದ.
ಹನ್ನೆರಡು ವೋಲ್ಟಿನ ಮುಂದ ಏನದ ಓದು."
ಹದಿನಾಲ್ಕು ಆಂಪಿಯರ್.
"ಗುಣಿಸು."
ಹದಿನಾಲ್ಕರ ಮಗ್ಗಿ ಯಾವಾಗೋ ಮರತಿತ್ತು,
ಹಳೇ ಬಿಲ್ಲಿನ ಹಿಂದ ಬರದು ತೆಗದೆ:
ನೂರಾ ಅರವತ್ತೆಂಟು.
ಕಾರ್ಡಿಗೆ ನೂರಾ ಇಪ್ಪತ್ತು ಬೇಕು, ಪ್ರೊಸೆಸರಿಗೆ ಎಂಬತ್ತರ ಹತ್ರ.
ಹಾರ್ಡ್ ಡಿಸ್ಕು, ಫ್ಯಾನು ಇನ್ನೂ ಪಂಕ್ತಿಗೆ ಕೂತಿಲ್ಲ.

"ಒಂದ್ ಸಲ ಹಚ್ಚಿ ನೋಡೋಣು ಚಾಚಾ,
ಎರಡು ವಾಯರ್ ಒಂದು ಮಾಡೋ ಕನೆಕ್ಟರ್ ಸಿಗ್ತದಂತ."

ಅವ ಸ್ಕ್ರೂ ಎಣಿಸಿದ. ಮತ್ತ ಎಣಿಸಿದ.
ಆಮ್ಯಾಲ ಬ್ರಶ್ಶಿಗೆ ಹೇಳಿದಂಗ ಹೇಳಿದ:
ಚಿತ್ತಾಪುರದಾಗ ಗುಂಡೇರಾಯನ ಫೋಟೋ ಸ್ಟುಡಿಯೋ. ಲಗ್ನದ ಸೀಜನ್.
ಅವನೂ ಒಂದ್ ಸಲ ಅಂದಿದ್ದ. ನಾ ಹೂಂ ಅಂದೆ.
ಇಪ್ಪತ್ತು ಮಿನಿಟ್ ಛಲೋ ನಡೀತು, ಚಹಾ ಸುದಿಕ್ ತರಿಸಿದ.
ಪಟ್ ಅಂತು. ಕೊಳತ ಮೀನಿನ ವಾಸನಿ.
ಸಪ್ಲೈ ಒಂದ ಸಾಯಲಿಲ್ಲ ಬೇಟಿ,
ಹಾರ್ಡ್ ಡಿಸ್ಕಿನ ಕೈ ಹಿಡಕೊಂಡು ಹೋಯ್ತು.
ಒಂಬತ್ತು ಲಗ್ನ.
ಅದರಾಗ ಒಬ್ಬ ಮದುಮಗಳ ಅವ್ವ ಮುಂದ ತೀರಿಕೊಂಡ್ಳು.
ಆಕಿ ನಕ್ಕ ಫೋಟೋ ಇದ್ದದ್ದು ಅಲ್ಲೇ ಅಂತ.

ಹೊರಗ ಜಂಕ್ಷನ್ ಕಡಿಂದ ಗೂಡ್ಸ್ ಗಾಡಿ ಎದ್ದಿತು,
ಮುಂದ ಎರಡು ಎಂಜಿನ್.
ಐವತ್ತೆಂಟು ಡಬ್ಬಿ ತನಕ ಎಣಿಸಿ ಬಿಟ್ಟೆ.

ನನ್ನ ಹೊಸ ರ್‍ಯಾಮ್ ಹಳೇದರ ಬಾಜೂಕ ಹಿಡದ.
ನಡುವಿನ ಕಚ್ಚು ಒಂದು ಜೋಳದ ಕಾಳಿನಷ್ಟು ಸರದಿತ್ತು.
ಒತ್ತಿದ್ರ ಕೂಡಂಗಿಲ್ಲ, ಮುರೀತದ.
ದರ್ಜಿ ಟೇಪಿಂದ ಕಾರ್ಡ್ ಅಳದ, ಒಂಬತ್ತೂವರಿ ಇಂಚು.
ಡಿಸ್ಕಿನ ಗೂಡಿನ ತನಕ ಇರೋ ಜಾಗ ಎಂಟೂ ಮುಕ್ಕಾಲು.
"ಗೂಡು ಸರಿಸ್ತೀನಿ. ರ್‍ಯಾಮ್ ವಾಪಸ್ ಮಾಡು.
ಭಾರ ಇರೋ ಸಪ್ಲೈ ತಗೋ. ಕೈಯಾಗ ಹಿಡದು ತಗೋ."

ರೊಕ್ಕ ಮುಂದಿನ ತಿಂಗಳು. ಕಾರ್ಡ್ ಮತ್ತ ಓಢಣಿಯಾಗ.
ಅವ ಮಾರ್ಕರ್ ಕೇಳಿ ಇಸಗೊಂಡು
ಚೀಟಿ ಮ್ಯಾಲಿನ ನಾನೂರಾ ಐವತ್ತಕ್ಕ ಗೀಟು ಎಳದ,
ಬಾಜೂಕ ನೂರಾ ಅರವತ್ತೆಂಟು ಬರದ,
ಹಳೇ ಜಾಗಕ್ಕ ಕೂಡಿಸಿ ನಾಲ್ಕು ಸ್ಕ್ರೂ ಬಿಗಿದ.

ಬಟನ್ ಒತ್ತಿದೆ.
ಧೂಳು ಹೋಗಿದ್ದಕ್ಕ ಸಪ್ಪಳ ಕಮ್ಮಿ.
ಬಾಗಲದಾಗ ಪಹಣಿಯ ಮಂದಿ ನಿಂತಿದ್ರು.
ಮೊದಲಿನವರ ಹೆಸರು ಕೇಳಿದೆ.
ಜರಾ ಸಾವಕಾಶ ಹೇಳ್ರಿ, ಒಂದೊಂದ ಅಕ್ಷರ.